ಅರ್ಧ ಲೀಟರಿನ ಮರ್ಯಾದೆ

ವೇದಿಕೆಯ ಮೇಲಿನ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತ ಹುಚ್ಚಪ್ಪನ ಮಡದಿ, ತಂಗಿ ಉಡಚವ್ವ, ಬೆಟಗೇರಿಯಿಂದ, ಶಿಗ್ಲಿಯಿಂದ ಬಂದ ಬಂಧುಗಳೇ — ಎಲ್ಲರಿಗೂ ನಮಸ್ಕಾರ.

ನಾನು ಸೋಮೇಶ, ಆಸ್ಪತ್ರೆಯ ಉಗ್ರಾಣದ ಗುಮಾಸ್ತ. ನಮ್ಮ ಹುಚ್ಚಪ್ಪ ಶವಾಗಾರದಲ್ಲಿ ಇಪ್ಪತ್ತೆರಡು ವರ್ಷ ದುಡಿದ. ಹೆಣ ಕೆಡದಂತೆ ಔಷಧ ಬೆರೆಸಿ ಏರಿಸುವುದು ಅವನ ಕೆಲಸ. ಅವನು ಎದುರು ಬಂದರೆ ಮೂಗು ಮುಚ್ಚುತ್ತಿದ್ದವರೇ ಇಂದು ಹಾರ ಹಿಡಿದು ನಿಂತಿದ್ದೀರಿ. ಹಾರವೇನೋ ಭಾರವಾಗಿದೆ — ಮನಸ್ಸಿನ ಭಾರ ಎಷ್ಟೋ ನಾನರಿಯೆ.

ಈಗಷ್ಟೇ ನಮ್ಮ ಅಧಿಕಾರಿಗಳು ಹೇಳಿದರು: "ಹುಚ್ಚಪ್ಪನವರ ಅಳತೆ ಎಂದರೆ ಅಳತೆ!" ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಹೌದು ಸರ್. ಆ ಅಳತೆಯ ಕಥೆ ಹೇಳಿಬಿಡುತ್ತೇನೆ — ಕುಂಡ್ರಿ, ಕುಂಡ್ರಿ, ಚಹಾ ಆಮೇಲೆ ಬರುತ್ತದೆ.

ಕಳೆದ ಬೇಸಿಗೆ. ಶಿಗ್ಲಿಯ ಮುದುಕವ್ವ ತೀರಿಕೊಂಡಳು. ಮಗ ಸುಭಾಸ ಗಡಿಯಲ್ಲಿ ಸೈನಿಕ. ಬರಲು ನಾಲ್ಕು ದಿನ. ಹತ್ತು ಲೀಟರ್ ದ್ರಾವಣ ಬೇಕು, ಅದರಲ್ಲಿ ನೂರಕ್ಕೆ ಐದು ಪಾಲು ಔಷಧ. ಅಧಿಕಾರಿಗಳು ನಿಂತಲ್ಲೇ ಲೆಕ್ಕ ಹಾಕಿದರು: ಹತ್ತು ಲೀಟರಿಗೆ ಅರ್ಧ ಲೀಟರ್. ಚೀಟಿಗೆ ಸಹಿ ಬಿತ್ತು.

ಹುಚ್ಚಪ್ಪ ಕೈಕಟ್ಟಿ ನಿಂತ. "ಸಾಹೇಬ್ರ, ಬಾಟ್ಲಿ ಒಳಗ ಔಷಧ ಇರೋದ ನೂರಕ್ಕ ಮೂವತ್ತೇಳ್ರಿ. ಉಳದದ್ದು ಮೊದಲ ನೀರ ಐತಿ. ಒಂದ್ ಲೀಟರ್ ಮ್ಯಾಲ ಮುನ್ನೂರೈವತ್ತು ಮಿಲಿ ಬೇಕ್ರಿ."

"ಏಳನೇ ಕ್ಲಾಸ ಕಲ್ತಾವ ನನಗ ಲೆಕ್ಕಾ ಕಲಸ್ತಿಯೇನಲೇ?"

"ಲೆಕ್ಕಾ ನಂದಲ್ರೀ. ಬಾಟ್ಲಿ ಮ್ಯಾಲ ಬರದೈತ್ರಿ, ಓದ್ರಿ."

ಓದಲಿಲ್ಲ. ಇಷ್ಟು ಪದವಿ ಪಡೆದವರು ಬಾಟಲಿಯ ಚೀಟಿ ಓದುವುದುಂಟೆ?

ಬೆರೆತದ್ದು ಅರ್ಧ ಲೀಟರೇ; ನೂರಕ್ಕೆ ಐದು ಪಾಲು ಇರಬೇಕಾದಲ್ಲಿ ಎರಡು ಪಾಲೂ ಇರಲಿಲ್ಲ. ನಾಲ್ಕನೇ ದಿನ ಸುಭಾಸ ಬಂದ. ಪೆಟ್ಟಿಗೆ ತೆರೆಯುವಂತಿರಲಿಲ್ಲ. ಮುಚ್ಚಿದ ಹಲಗೆಗೆ ಹಣೆ ಹಚ್ಚಿ ಅತ್ತ — ಹೆತ್ತವಳ ಮುಖ ನೋಡಲಾಗಲಿಲ್ಲ. ಮರುದಿನ ಹುಚ್ಚಪ್ಪನಿಗೆ ನೋಟಿಸು: 'ಅಳತೆಯಲ್ಲಿ ನಿರ್ಲಕ್ಷ್ಯ.' ತಪ್ಪಿದವರು ಅಧಿಕಾರಿ, ತಿದ್ದಿದವನು ಅಪರಾಧಿ!

ಮತ್ತು ನಾನು? ಅಲ್ಲೇ ನಿಂತಿದ್ದೆ. ಉಗ್ರಾಣದ ಕೀಲಿ ನನ್ನ ಕೈಯಲ್ಲಿ. ಅರ್ಧ ಲೀಟರ್ ಅಳೆದು ಕೊಟ್ಟವನು ನಾನೇ. ಬಾಟಲಿಯ ಬಿರಡೆ ತೆಗೆದೆ, ಬಾಯಿ ತೆಗೆಯಲಿಲ್ಲ.

ಮೊನ್ನೆ ಉಡಚವ್ವ ಕೇಳಿದಳು: "ಅಣ್ಣಾ, ಆ ಮುದುಕಿ ಮಾರಿ ಕೆಡಾಕ ನಮ್ಮ ಮನಿಯವ್ರ ಖರೇನ ಕಾರಣೇನ? ಊಟಕ್ಕ ಕುಂತ್ರೂ ಅದನ್ನ ನೆನಸ್ತಿದ್ರು."

ಅಲ್ಲ ತಂಗಿ. ಅಲ್ಲವೇ ಅಲ್ಲ. ಇದೋ ಆ ಚೀಟಿ — ಎಲ್ಲರಿಗೂ ಕಾಣುತ್ತಿದೆಯೆ? ಮೇಲೆ ಸಾಹೇಬರ ಸಹಿ. ಕೆಳಗೆ ಪೆನ್ಸಿಲಿನಲ್ಲಿ ಹುಚ್ಚಪ್ಪನ ಅಕ್ಷರ: '೧೩೫೦ ಬೇಕು. ೫೦೦ ಕೊಟ್ಟಾರ.' ಎಂಟು ತಿಂಗಳು ನನ್ನ ಕಪಾಟಿನಲ್ಲಿ ಬಚ್ಚಿಟ್ಟಿದ್ದೆ. ಹಿಡಿ, ಇದು ನಿನ್ನದು. ಸಾಹೇಬರೇ, ನಕಲು ನಿಮ್ಮ ಮೇಜಿನ ಮೇಲಿದೆ, ಹಾರದ ಪಕ್ಕ. ಇದನ್ನಾದರೂ ಓದಿ.

ಈಗ ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನ. ಹೋದ ಸಲದ ಶ್ರದ್ಧಾಂಜಲಿಯಲ್ಲಿ ಇದೇ ವೇದಿಕೆಯಲ್ಲಿ ನಲವತ್ತು ಸೆಕೆಂಡಿಗೇ ಮುಗಿಸಿದ್ದಿರಿ. ಇವತ್ತಿನ ಅಳತೆ ಉಡಚವ್ವನದು. ಆಕೆ 'ಆತು' ಅನ್ನುವ ತನಕ — ಸಾಹೇಬರೇ, ನೀವೂ — ಯಾರೂ ಕೂರುವಂತಿಲ್ಲ.