ದೇವರ ಬುಟ್ಟಿಗೆ ಬಟನ್ ಇರಲಿಲ್ಲ

ನನ್ನ ಮದುವೆಯಾಯಿತು! ಇಲ್ಲಿರುವ ಮುಕ್ಕಾಲು ಜನ ಆ ಊಟ ಉಂಡು ಬಂದವರೇ, ನನಗೆ ಗೊತ್ತು. ಆದರೂ ಮೈಕ್ ಕೈಗೆ ಬಂದ ಕೂಡಲೇ ಬಾಯಿಗೆ ಬಂದದ್ದು ಅದೇ. ಕ್ಷಮಿಸಿ, ಈಗ ಸರಿಯಾಗಿ ಶುರು ಮಾಡುತ್ತೇನೆ.

ಹಾರವಾಡದ ನಮ್ಮ ಮಾವು ಬೆಳೆಗಾರ ಮಹಿಳೆಯರ ಸಂಘದ ಅಧ್ಯಕ್ಷರಾದ ಮಾದೇವಿಯಕ್ಕನವರೇ, ಮುಖ್ಯ ಅತಿಥಿಗಳಾಗಿ ಬಂದು ಇನ್ನೂ ಚಹಾ ಸಿಗದೆ ಕುಳಿತಿರುವ ಮಧುಕರ ಮಾಸ್ತರರೇ, ವೇದಿಕೆಯ ಮೇಲಿನ ಹಿರಿಯರೇ, ಎದುರಿಗಿರುವ ಅಕ್ಕಂದಿರೇ, ಹಿಂದಿನ ಸಾಲಿನಲ್ಲಿ ಹೆಂಡತಿಯರನ್ನು ಕರೆದುಕೊಂಡು ಹೋಗಲು ಕಾದಿರುವ ಅಣ್ಣಂದಿರೇ, ಎಲ್ಲ ಸಭಿಕರೇ,

ಈ ವಾರ್ಷಿಕೋತ್ಸವದಲ್ಲಿ ನಮ್ಮ ಹಣ್ಣಿನ ವೆಬ್ ಪೇಜಿನ ಬಗ್ಗೆ ನಾಲ್ಕು ಮಾತಾಡು ಎಂದು ನನಗೆ ಹೇಳಿದ್ದಾರೆ. ನನ್ನ ಮಾತು ಮುಗಿದ ಮೇಲೆ ಈ ಸಲ ಮರಗಳನ್ನು ಗುತ್ತಿಗೆ ಕೊಡುವುದೋ, ಹಣ್ಣನ್ನು ಪೇಜಿನಲ್ಲೇ ಮಾರುವುದೋ ಎಂದು ನೀವು ಕೈ ಎತ್ತಿ ತೀರ್ಮಾನ ಮಾಡುವುದಿದೆ. ಮರಗಳು ಹೂ ಬಿಟ್ಟಿವೆ. ಹಿಂದೆ ನಮ್ಮ ಮರಗಳನ್ನು ಗುತ್ತಿಗೆ ಹಿಡಿಯುತ್ತಿದ್ದ ವ್ಯಾಪಾರಿ ಮತ್ತೆ ಬಂದು, ಹೂವಿನಲ್ಲೇ ಮಾತು ಮುಗಿಸೋಣ ಎಂದು ಹೇಳಿ ಹೋಗಿದ್ದಾರೆ. ಎರಡು ಹಂಗಾಮು ನಾವು ಅವರಿಗೆ ಕೊಡಲಿಲ್ಲ. ನಮ್ಮ ಕರಿ ಇಶಾಡು ಮಾವನ್ನು ನಾವೇ ಪೇಜಿನ ಮೂಲಕ ಮಾರಿದೆವು. ಈಗ ಪೇಜ್ ಮಾಡಿದ ಹುಡುಗಿ ಮದುವೆಯಾಗಿ ರತ್ನಾಗಿರಿಗೆ ಹೋದಳು. ಹಣ್ಣಿನ ಹೊತ್ತಿಗೆ ಬಟನ್ ಕೈಕೊಟ್ಟರೆ ನೋಡುವವರು ಯಾರು? ಇದು ನಿಮ್ಮ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಉತ್ತರ ನನ್ನ ಹತ್ತಿರ ಇದೆ, ಆದರೆ ಸ್ವಲ್ಪ ಸುತ್ತಿ ಬರುತ್ತೇನೆ. ಹೊಸ ಮದುಮಗಳಿಗೆ ನೆಟ್ಟಗೆ ಮಾತಾಡಲು ಬರುವುದಿಲ್ಲ.

ನಾನು ದೀಕ್ಷಾ, ಕಾರವಾರದ ಕೋಡಿಬಾಗದವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಕಲಿತದ್ದು ಅರ್ಧ ಬಸ್ಸಿನಲ್ಲಿ, ಅರ್ಧ ಮಾದೇವಿಯಕ್ಕನ ಬೈಗುಳದಲ್ಲಿ. ಹಾಗಾಗಿ ನನ್ನ ಕನ್ನಡದಲ್ಲಿ ಏನಾದರೂ ಖಾರ ಕಂಡರೆ ಅದು ಅಧ್ಯಕ್ಷರ ಕೊಡುಗೆ.

ಪೇಜ್ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಸಂಘದ ಹುಡುಗಿ ರೂಪಾಲಿ ಅವತ್ತಿನ ಬುಟ್ಟಿಗಳ ಫೋಟೋ ಹಾಕುತ್ತಾಳೆ. ಪ್ರತಿ ಬುಟ್ಟಿಯ ಕೆಳಗೆ ‘ಬೇಕು’ ಎಂಬ ಬಟನ್. ಪಕ್ಕದಲ್ಲಿ ನಾನು ‘ಬೇಡ’ ಎಂದೊಂದು ಇಟ್ಟಿದ್ದೆ. ವ್ಯಾಪಾರದ ಜಾಗದಲ್ಲಿ ಬೇಡ ಅನ್ನುವ ಮಾತೇ ಕೂಡದು ಎಂದು ಮಾದೇವಿಯಕ್ಕ ತೆಗೆಸಿದರು. ಮತ್ತೇನು ಬರೆಯಲಿ ಎಂದು ಕೇಳಿದೆ. “ಕೊಳ್ಳದೇ ಹೋಗುವವ್ರು ಸಂತೇಲಿ ಎಂತ ಹೇಳ್ತ್ರು? ಆಮೇಲೆ ಬರ್ತೆ ಹೇಳ್ತ್ರು. ಅದ್ನೇ ಬರಿ.” ಬರೆದೆ. ಈಗಲೂ ಅಲ್ಲಿ ‘ಆಮೇಲೆ ಬರ್ತೆ’ ಎಂದೇ ಇದೆ. ಜಗತ್ತಿನ ಬೇರೆ ಯಾವ ಪೇಜಿನಲ್ಲೂ ಇಷ್ಟು ಮರ್ಯಾದೆಯ ಬಟನ್ ಇರಲಿಕ್ಕಿಲ್ಲ.

ಮೊದಲ ಹಂಗಾಮಿನ ಮೊದಲ ದಿನ ನೆನಪಿದೆಯೇ? ಬೆಳಿಗ್ಗೆಯಿಂದ ಒಂದು ಆರ್ಡರ್ ಇಲ್ಲ. ಹುಲ್ಲಿನ ಮೇಲೆ ಹಣ್ಣು ಘಮಘಮ ಅನ್ನುತ್ತಿದೆ. ಕರಿ ಇಶಾಡು ಯಾರಿಗಾಗಿ ಕಾಯುವ ಹಣ್ಣು? ಇವತ್ತು ಹಣ್ಣು, ನಾಡಿದ್ದು ಗೊಬ್ಬರ. ನಮ್ಮ ಸುಕ್ರಿಯಕ್ಕ ಇಲ್ಲಿಂದ ಫೋನ್ ಮಾಡಿದರು. “ತಂಗಿ, ಒತ್ತಿ ಒತ್ತಿ ನನ್ನ ಬೆರ್ಳೇ ಸವೀತು. ಇದ್ಕೆ ಮಾತ್ರ ಹೇಳೂಕಿಲ್ಲ, ಕೇಳೂಕಿಲ್ಲ.” ನನ್ನ ಮನೆಯಲ್ಲಿ ಅದೇ ಬಟನ್ ಚಂದವಾಗಿ ನಡೆಯುತ್ತಿತ್ತು. ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಪ್ಯಾಸೆಂಜರ್ ರೈಲು ಹತ್ತಿ ಇಲ್ಲಿಗೆ ಓಡಿ ಬಂದೆ.

ಕೆಟ್ಟ ಬಟನ್ನನ್ನು ನೋಡುವುದು ಹೇಗೆ? ಜೋರಾಗಿ ಒತ್ತುವುದರಿಂದ ಅಲ್ಲ, ಸುಕ್ರಿಯಕ್ಕ. ಒಂದೊಂದೇ ಕೇಳುತ್ತ ಹೋಗಬೇಕು. ಒತ್ತಿದ್ದು ಪೇಜಿಗೆ ಕೇಳಿಸಿತೇ? ಕೇಳಿಸಿದ್ದರೆ, ಆ ಸುದ್ದಿ ಹೊತ್ತ ಕೋರಿಕೆ ಇಲ್ಲಿಂದ ಸರ್ವರ್ ಎಂಬ ದೂರದ ಕಂಪ್ಯೂಟರಿಗೆ ಹೊರಟಿತೇ? ಹೊರಟಿದ್ದರೆ, ಉತ್ತರ ತಂದಿತೇ? ತಂದಿದ್ದರೆ, ಒತ್ತಿದವರಿಗೆ ನಾವು ಹೇಳಿದೆವೇ? ಎಲ್ಲಿ ‘ಇಲ್ಲ’ ಬರುತ್ತದೋ ಅಲ್ಲಿ ನಿಲ್ಲಬೇಕು. ಒತ್ತಿದಾಗ ‘ಕೇಳಿಸಿತು’ ಎಂದು ತೋರಿಸುವಂತೆ ಒಂದು ಸಾಲು ಬರೆದು ಒತ್ತಿದೆ. ಏನೂ ತೋರಿಸಲಿಲ್ಲ. ಅಂದರೆ ಮೊದಲ ಮೆಟ್ಟಿಲಲ್ಲೇ ಎಡವಟ್ಟು. ಪೇಜಿಗೆ ಕಿವಿಯೇ ಇಲ್ಲ.

ಬ್ರೌಸರಿಗೂ ಒಂದು ಹಿತ್ತಿಲಿದೆ. ಅಂಗಳಕ್ಕೆ ಬಂದ ಗಿರಾಕಿಗೆ ಅದು ಕಾಣುವುದಿಲ್ಲ. ಒಳಗೆ ಒಡೆದದ್ದು, ಚೆಲ್ಲಿದ್ದು ಎಲ್ಲ ಅಲ್ಲಿ ಕೆಂಪು ಅಕ್ಷರದಲ್ಲಿ ಬಿದ್ದಿರುತ್ತದೆ. ತೆರೆದು ನೋಡಿದೆ. ಒಂದೇ ಕೆಂಪು ಸಾಲು: ಇಲ್ಲದ ವಸ್ತುವನ್ನು ಮುಟ್ಟಲು ಹೇಳಿದ್ದೀ, ಅದಕ್ಕೆ ನಿಂತೆ. ಎಲ್ಲಿ? ಮೊದಲನೇ ಬುಟ್ಟಿಯಲ್ಲಿ. ಆ ಮೊದಲನೇ ಬುಟ್ಟಿ ಯಾವುದು?

ಅಕ್ಕಂದಿರು ಆಗಲೇ ನಗುತ್ತಿದ್ದಾರೆ. ಹೊರಗಿನಿಂದ ಬಂದವರಿಗೆ ಹೇಳುತ್ತೇನೆ. ನಮ್ಮ ಸಂಘದಲ್ಲಿ ಹಂಗಾಮಿನ ಮೊದಲ ಬುಟ್ಟಿ ಮಂಜಗುಣಿಯ ವೆಂಕಟರಮಣನಿಗೆ. ಅದು ಮಾರುವುದಕ್ಕಲ್ಲ. ಆದರೆ ಎಲ್ಲಕ್ಕಿಂತ ಮೇಲೆ ಇರಬೇಕು, ಹೂವಿನ ಸಮೇತ ಎಲ್ಲರಿಗೂ ಕಾಣಬೇಕು. ಅದಕ್ಕೆ ರೂಪಾಲಿ ಅದರ ಫೋಟೋವನ್ನು ಮೊದಲು ಹಾಕಿ, ಅದಕ್ಕೊಂದಕ್ಕೆ ಬಟನ್ ಇಡದೆ ಬಿಟ್ಟಿದ್ದಳು. ನನ್ನ ಪ್ರೋಗ್ರಾಮ್ ಮೇಲಿನಿಂದ ಒಂದೊಂದೇ ಬುಟ್ಟಿಯ ಬಟನ್ ಹುಡುಕಿ ಅದಕ್ಕೊಂದು ಕಿವಿ ಜೋಡಿಸುತ್ತ ಬರಬೇಕು. ಮೊದಲ ಬುಟ್ಟಿಯಲ್ಲೇ ಬಟನ್ ಇಲ್ಲ. ಅಲ್ಲೇ ಮುಗ್ಗರಿಸಿ ಬಿತ್ತು. ಕೆಳಗಿನ ಬುಟ್ಟಿಗಳಿಗೆಲ್ಲ ಬಟನ್ ಇತ್ತು, ಕಿವಿ ಮಾತ್ರ ಬರಲೇ ಇಲ್ಲ. ಕೋಡಿಬಾಗದಲ್ಲಿ ಕುಳಿತು ನಾನು ಪರೀಕ್ಷೆಗೆಂದು ಬರೆದುಕೊಂಡ ಬುಟ್ಟಿಗಳಲ್ಲಿ ದೇವರ ಬುಟ್ಟಿ ಎಲ್ಲಿಂದ ಬರಬೇಕು?

ಇದನ್ನು ವಿವರಿಸಿದಾಗ ಮಾದೇವಿಯಕ್ಕ ಎಲೆಯಡಿಕೆ ಬಾಯಿಂದ ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ. “ದೇವರ ಬುಟ್ಟಿಗೇ ಕೈ ಹಾಕೂಕೆ ಹೋಗಿತ್ತನೆ ನಿನ್ನ ಕಂಪ್ಯೂಟರು? ನಿಂತದ್ದೇ ಪುಣ್ಯ.”

ಒಂದೇ ಒಂದು ಸಾಲು ಸೇರಿಸಿದೆ. ಬಟನ್ ಇಲ್ಲದ ಬುಟ್ಟಿ ಕಂಡರೆ ಕೈಮುಗಿದು ಮುಂದೆ ಹೋಗು. ಮಧ್ಯಾಹ್ನದ ಗಂಜಿ ಇಳಿಸುವಷ್ಟರಲ್ಲಿ ಮೊದಲ ಆರ್ಡರ್ ಬಂತು. ಎರಡನೆಯದು ಬಂತು. ಆಮೇಲೆ ಬರತೊಡಗಿದ್ದು ನಿಲ್ಲಲೇ ಇಲ್ಲ, ಎಲ್ಲವೂ ಒಬ್ಬರದೇ ಹೆಸರಿನಲ್ಲಿ. ಅವತ್ತಿನ ಅಷ್ಟೂ ಹಣ್ಣು ಸೂರಜ್ ಎಂಬವರಿಗೆ, ರತ್ನಾಗಿರಿಗೆ.

ರತ್ನಾಗಿರಿಗೆ ಮಾವಿನಹಣ್ಣು! ಹಾಪೂಸಿನ ಊರಿಗೆ! ಮಾದೇವಿಯಕ್ಕ ತೀರ್ಪು ಕೊಟ್ಟೇಬಿಟ್ಟರು. “ಒಂದೋ ಅವ ಹುಚ್ಚ, ಇಲ್ಲ ನಮ್ಮ ಬದಿಯವ.” ಎರಡೂ ನಿಜವಾಯಿತು. ಅಂಕೋಲೆಯವರು, ಅಲ್ಲಿ ಬ್ಯಾಂಕಿನಲ್ಲಿದ್ದಾರೆ, ಹಾಪೂಸ್ ಹೊಗಳುವ ಜೊತೆಗಾರರಿಗೆ ನಮ್ಮ ಹಣ್ಣಿನ ರುಚಿ ತೋರಿಸುತ್ತೇನೆ ಎಂದು ಪಂಥ ಕಟ್ಟಿದ್ದರು. ಅದೆಲ್ಲ ಆಮೇಲೆ ಗೊತ್ತಾದದ್ದು. ನಾನು ಸಿಟ್ಟಿನಲ್ಲೇ ಫೋನ್ ಮಾಡಿ, ಒತ್ತಿದಾಗ ನಿಮಗೆ ಏನು ಕಾಣಿಸಿತು ಎಂದು ಕೇಳಿದೆ.

“ಬೇಕು ಅಂತ್ಲೇ ಕಾಣಿಸ್ತಿತ್ತು. ನಂಗೂ ಬೇಕಾಗಿತ್ತು. ಮತ್ತೆ ಒತ್ತಿದೆ.”

ಫೋನ್ ಇಟ್ಟು ಮತ್ತೆ ಲ್ಯಾಪ್‌ಟಾಪ್ ತೆರೆದೆ.

ತಪ್ಪು ನನ್ನ ಪೇಜಿನದೇ. ಕೋರಿಕೆ ಕಳಿಸಿದ ಮೇಲೆ ಉತ್ತರ ಬರಲು ಹೊತ್ತು ಬೇಕು. ಪ್ರೋಗ್ರಾಮ್ ಕಾಯದೆ ಮುಂದಿನ ಸಾಲಿಗೆ ಹಾರಿ, ಬಟನ್ನನ್ನು ಏನೂ ಆಗದ ಹಾಗೆ ಮೊದಲಿನಂತೆ ಮಾಡಿ ಇಡುತ್ತಿತ್ತು. ನಾನೂ ಮದುವೆಯಾದ ವಾರವೇ ಇದನ್ನು ಮಾಡಿದೆ. ಇವರನ್ನು ಮೀನು ತರಲು ಪೇಟೆಗೆ ಕಳಿಸಿದೆ. ಮಸಾಲೆ ಕಡೆದೆ, ಕುದಿಸಿದೆ, ಒಲೆ ಆರಿಸಿದೆ, ಬಟ್ಟಲು ಇಟ್ಟೆ. ನಮ್ಮ ಅತ್ತೆ ಗಂಗೂಬಾಯಿ ಮುಚ್ಚಳ ತೆಗೆದು ನೋಡಿ ಮೆಲ್ಲಗೆ ಕೇಳಿದರು. “ಸಾರು ಲಾಯಕ್ಕಾಯ್ತು ಮಗಾ. ಮೀನು ಬಂದ್ಮೇಲೆ ಎಲ್ಲಿ ಹಾಕೂದು?” ಅಂಥ ಅತ್ತೆ ಎಲ್ಲರಿಗೂ ಸಿಗಲಿ.

ಇರಲಿ, ಆ ಮೊದಲ ದಿನವೇ ಬಟನ್ನಿಗೆ ಬುದ್ಧಿ ಕಲಿಸಿದೆ. ಒಮ್ಮೆ ಒತ್ತಿದರೆ ‘ಕಳಿಸಿದ್ದೇವೆ, ಸ್ವಲ್ಪ ತಡೀರಿ’ ಎನ್ನಬೇಕು, ಎರಡನೇ ಸಲ ಒತ್ತಿಸಿಕೊಳ್ಳಬಾರದು. ಉತ್ತರ ಬಂದರೆ ಹೇಳಬೇಕು. ಬರದಿದ್ದರೆ, ಬರಲಿಲ್ಲ ಎಂದಾದರೂ ಹೇಳಬೇಕು. ಸರಿಯಾಯಿತೇ ಒಮ್ಮೆ ಒತ್ತಿ ನೋಡಿ ಎಂದು ಸೂರಜ್ ಅವರನ್ನು ಕೇಳಿಕೊಂಡೆ. ಒತ್ತಿದರು, ಸರಿಯಾಗಿದೆ ಎಂದು ಫೋನ್ ಮಾಡಿದರು. ಮರುದಿನವೂ ಒತ್ತಿ ಫೋನ್ ಮಾಡಿದರು. ಹಣ್ಣು ಮುಗಿಯಿತು, ಮಳೆ ಹಿಡಿಯಿತು, ಪೇಜಿನಲ್ಲಿ ಒಂದು ಬುಟ್ಟಿಯೂ ಉಳಿದಿರಲಿಲ್ಲ. ಅವರ ಪರೀಕ್ಷೆ ಮಾತ್ರ ಮುಗಿಯಲಿಲ್ಲ. ನನ್ನ ಅಮ್ಮ, ಯಾವ ಕಂಪನಿಯವರೇ ಇವರು, ಇಷ್ಟು ಕಾಳಜಿ, ಎಂದು ಕೇಳುತ್ತಿದ್ದಳು.

ಎಲ್ಲಿಗೋ ಹೋದೆ. ಮಾಸ್ತರರು ಗಡಿಯಾರ ನೋಡುತ್ತಿದ್ದಾರೆ.

ಮದುವೆಯ ದಿನ ಮಾದೇವಿಯಕ್ಕ ನನ್ನ ಮುಡಿಗೆ ಅಬ್ಬಲಿಗೆ ಮುಡಿಸುತ್ತ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದರು. “ಹಣ್ಣಿನ ಹೊತ್ತಿಗೆ ಬತ್ಯೇನೆ?” ಅಷ್ಟರಲ್ಲಿ ಫೋಟೋದವರು ಕರೆದರು. ನಾನು ನಕ್ಕು ಎದ್ದು ಹೋದೆ. ಮಾದೇವಿಯಕ್ಕ ಸೂರಜ್ ಅಲ್ಲ, ಎರಡನೇ ಸಲ ಒತ್ತುವವರಲ್ಲ. ಅವರು ಕೇಳಿದ್ದು ಹೊರಟು ಹೋಗಿತ್ತು, ಉತ್ತರ ಮಾತ್ರ ಬರಲಿಲ್ಲ. ವ್ಯಾಪಾರಿ ಬಂದಾಗ, ಸಭೆಯಲ್ಲಿ ಕೇಳಿ ಹೇಳುತ್ತೇನೆ ಎಂದರಂತೆ. ಎರಡು ವರ್ಷ ಬಾಗಿಲಲ್ಲೇ ‘ಇಲ್ಲ’ ಎಂದು ಕಳಿಸಿದವರು. ಈ ಸುದ್ದಿ ರೂಪಾಲಿಯಿಂದ ರತ್ನಾಗಿರಿಗೆ ಮುಟ್ಟಿದಾಗ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಪೇಜನ್ನು ರತ್ನಾಗಿರಿಯಿಂದಲೂ ನೋಡಿಕೊಳ್ಳಬಹುದು, ಹೌದು. ಆದರೆ ಕೋಡಿಬಾಗದಷ್ಟು ಹತ್ತಿರ ಕುಳಿತವಳಿಗೇ ದೇವರ ಬುಟ್ಟಿ ಕಾಣಲಿಲ್ಲ, ರತ್ನಾಗಿರಿಯಲ್ಲಿ ಕುಳಿತರೆ ಕಂಡೀತೇ? ಬುಟ್ಟಿ ಇರುವಲ್ಲಿ ನಾನಿರಬೇಕು. ಹಂಗಾಮು ಮುಗಿಯುವವರೆಗೂ ಇರಬೇಕು. ಕೇಳಿದಾಗ ಇವರು ಹೂಂ ಎಂದರು, ಅತ್ತೆ ತಮಗೊಂದು ಬುಟ್ಟಿ ಬೇಕೆಂದರು. ಹಗಲು ನಾನು ಮಾಡುವುದನ್ನೆಲ್ಲ ರೂಪಾಲಿ ಪಕ್ಕದಲ್ಲಿ ಕುಳಿತು ಕಲಿಯುತ್ತಾಳೆ. ಅವಳೂ ನಾಳೆ ಮದುವೆಯಾಗುವವಳೇ, ನಗಬೇಡಿ, ಆಗ ಇನ್ನೊಬ್ಬಳು ಕಲಿತಿರುತ್ತಾಳೆ.

ಕೈ ಎತ್ತುವಾಗ ಇಷ್ಟನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಿಕೊಳ್ಳುತ್ತೇನೆ. ನನಗೆ ಕನ್ನಡವನ್ನೂ, ಗಂಡನನ್ನೂ ಕೊಟ್ಟ ಈ ಸಂಘಕ್ಕೆ, ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೆ ವಂದನೆಗಳು, ನಮಸ್ಕಾರ.

ಮಾದೇವಿಯಕ್ಕ, ತಡವಾಯಿತು, ಉತ್ತರ ಇಲ್ಲಿದೆ. ಬರ್ತೆ. ಮೇ ತಿಂಗಳ ಮೊದಲ ಶನಿವಾರ, ಮಡಗಾಂವದಿಂದ ಬರುವ ಬೆಳಗಿನ ಪ್ಯಾಸೆಂಜರಿಗೆ, ಹಾರವಾಡ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.