ನೋವಾದರೆ ಎಡಗೈ

ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಪಕ್ಕ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಕೂತಿದ್ದರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಜೊತೆಗೆ ಬಸ್ ಡ್ರೈವರ್ ಸಮವಸ್ತ್ರದಲ್ಲಿದ್ದ ಅವರ ತಮ್ಮ. ಒಳಗೆ ಯಾರದೋ ಒಸಡು ಕ್ಲೀನ್ ಮಾಡುವ ಯಂತ್ರ ಗುಂಯ್ ಎಂದೊಡನೆ ಆಕೆ ಎದ್ದು ನಿಂತರು.

"ಮನೆಗೆ ಹೋಗೋಣ ಕಣೋ. ಒಸಡಲ್ಲಿ ರಕ್ತ ಬಂದ್ರೆ ಬರ್ಲಿ."

"ಹೀಗೇ ಬಿಟ್ರೆ ಹಲ್ಲು ಅಲುಗಾಡುತ್ತೆ ಅಂದ್ರಲ್ಲ ಡಾಕ್ಟ್ರು. ಕೂತ್ಕೊ ಅಕ್ಕ."

"ಹೋದ ಸಲ ಜೀವ ಹೋಗಿ ಬಂತು."

"ಮರಗಟ್ಟೋ ಇಂಜೆಕ್ಷನ್ ಬೇಡ ಅಂದಿದ್ದು ಯಾರು?"

"ದಿನವಿಡೀ ಸೂಜಿ ಹಿಡಿಯೋಳು ನಾನು. ಅದು ಏನ್ ಮಾಡುತ್ತೆ ಅಂತ ನಂಗೆ ಗೊತ್ತಿಲ್ವಾ?"

"ಈ ಸಲ ಮೊದಲು ಮುಲಾಮು ಹಚ್ತಾರಂತೆ, ಚುಚ್ಚಿದ್ದು ಅಷ್ಟಾಗಿ ಗೊತ್ತಾಗಲ್ಲ. ಆಮೇಲೂ ನೋವಾದ್ರೆ ಎಡಗೈ ಎತ್ತು, ನಿಲ್ಲಿಸ್ತಾರೆ."

"ಎಷ್ಟು ಸಲ ಎತ್ತಬಹುದು?"

"ಎಷ್ಟು ಸಲ ಬೇಕಾದ್ರೂ."

"ಡಾಕ್ಟ್ರು ಸಿಡುಕಲ್ವಾ?"

"ಸಿಡುಕಿದ್ರೆ ನಾನಿಲ್ವಾ? ಹೊರಗಿಂದ ಹಾರ್ನ್ ಹೊಡೀತೀನಿ."

ಆಕೆಗೆ ನಗು ಬಂತು. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಕರೆದರು.

"ಹೊರಗೆ ಬೇಡ, ನೀನೂ ಒಳಗೆ ಬಾ."

"ನಾನ್ ಬಂದು ಏನ್ ಮಾಡ್ಲಿ?"

"ಬಲಗೈ ಹಿಡ್ಕೊ. ಇಲ್ದಿದ್ರೆ ಅದನ್ನೂ ಎತ್ತಿಬಿಡ್ತೀನಿ."

ತಮ್ಮ ಅಲ್ಲೇ ಅಕ್ಕನ ಕೈ ಹಿಡಿದುಕೊಂಡ. ಇಬ್ಬರೂ ಒಳಗೆ ಹೋದರು.