ಮೆಸ್ತ್ರೆಯಲ್ಲಿ ಇಳಿದವಳು

…ಅಲ್ಲ ಭಾವ, ಹತ್ತು ನಿಮಿಷದ ದಾರಿ. ಒಂದು ಸ್ಟೇಷನಿನಿಂದ ಇನ್ನೊಂದಕ್ಕೆ ಬರೀ ಹತ್ತು ನಿಮಿಷ. ಅಷ್ಟಕ್ಕೆ ನಿಮ್ಮ ತಂಗಿ ಬಟ್ಟೆ ತುಂಬಿಸಿಕೊಂಡು ಸೊಹಾರ್‌ನಿಂದ ಈ ಇಬ್ರಿ ಊರಿಗೆ, ನಿಮ್ಮ ಮನೆಗೆ ಬಂದು ಕೂತರೆ ನಾನು ಯಾರ ಹತ್ತಿರ ಹೇಳುವುದು? ವಾರಕ್ಕೆ ಒಂದು ಶುಕ್ರವಾರ ನನಗೆ ರಜೆ. ಬೆಳಕು ಹರಿಯುವ ಮೊದಲೇ ಹೊರಟು ಆ ಗುಡ್ಡದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬಂದೆ. ಮನೆಗೆ ಹೋದರೆ ಸೌಮ್ಯಕ್ಕ ಅರ್ಧ ಬಾಗಿಲು ತೆಗೆದು, ದಮಯಂತಿ ಮಲಗಿದ್ದಾಳೆ, ಇವರು ಅಂಗಡಿಯಲ್ಲಿದ್ದಾರೆ, ಅಲ್ಲಿಗೇ ಹೋಗಿ ಅಂದರು. ಒಂಬತ್ತು ಗಂಟೆಗೆ ಮಲಗುವವಳಾ ಅವಳು? ಇಪ್ಪತ್ತು ವರ್ಷದಲ್ಲಿ ನಾನು ನೋಡಿಲ್ಲ.

ನೀವು ಕೆಲಸ ಮಾಡಿ, ಪರವಾಗಿಲ್ಲ. ಮೋಟಾರಿಗೆ ತಂತಿ ಸುತ್ತುತ್ತಲೇ ಕೇಳಿ. ಅವಳು ನಿಮಗೆ ಎಂತ ಹೇಳಿದ್ದಾಳೋ ಗೊತ್ತಿಲ್ಲ. ಎಂತದೂ ಹೇಳಿಲ್ವಾ? ಸರಿ, ಹಾಗಾದರೆ ನಾನೇ ಹೇಳ್ತೇನೆ.

ವೆನಿಸ್ ಅಂದರೆ ಅವಳಿಗೆ ಹುಚ್ಚು, ನಿಮಗೆ ಗೊತ್ತುಂಟಲ್ಲ. ಮನೆಗೆ ಟ್ಯೂಷನ್‌ಗೆ ಬರುವ ಮಕ್ಕಳ ಪುಸ್ತಕದಲ್ಲಿ ಒಂದು ಚಿತ್ರ ಇತ್ತು, ರಸ್ತೆಯ ಬದಲು ಕಾಲುವೆ, ಬಸ್ಸಿನ ಬದಲು ದೋಣಿ. ಅಲ್ಲಿಂದ ಶುರು. ಎರಡು ವರ್ಷ ಅದೇ ವಿಡಿಯೊ, ಅದೇ ಮಾತು. ವಿಮಾನದಲ್ಲಿ ಹೋಗಿ ಇಳಿಯುವುದಲ್ಲ, ಟ್ರೈನಿನಲ್ಲೇ ಹೋಗಬೇಕಂತೆ. ಕಡಲಿಗೆ ಕಟ್ಟಿದ ಸೇತುವೆಯ ಮೇಲೆ ಟ್ರೈನ್ ಹೋಗ್ತದೆ, ಸ್ಟೇಷನಿನ ಬಾಗಿಲು ದಾಟಿದರೆ ಎದುರಿಗೇ ಕಾಲುವೆ, ಹಾಗೆ ಊರಿನೊಳಗೆ ಕಾಲಿಡಬೇಕು ಅಂತ. ಈ ಒಮಾನ್ ದೇಶದಲ್ಲಿ ನಾವು ಟ್ರೈನೇ ನೋಡಲಿಲ್ಲ. ಆಯ್ತು ಮಾರಾಯ್ತಿ ಅಂದೆ. ಮಸ್ಕತ್‌ನಿಂದ ಮಿಲಾನ್, ಅಲ್ಲಿ ಮೂರು ದಿನ. ಕೊನೆಯ ದಿನ ಬೆಳಿಗ್ಗೆ ಟ್ರೈನ್ ಹಿಡಿದು ವೆನಿಸ್, ಸಂಜೆ ವಾಪಸ್. ಮರುದಿನ ವಿಮಾನ. ಒಂದೇ ದಿನ ಇದ್ದದ್ದು, ಅದನ್ನು ನೆನಪಿಟ್ಟುಕೊಳ್ಳಿ.

ಆ ಮೂರು ದಿನ ನನ್ನ ಅವಸ್ಥೆ ಹೇಳಿದರೆ ನೀವು ನಗಾಡ್ತೀರಿ… ನೋಡಿ, ನಕ್ಕಿರಿ. ಅಂಗಿ ಬದಲಿಸಿ, ಅಲ್ಲಿ ನಿಲ್ಲಬೇಡಿ, ಟಿಕೆಟ್ ಎಲ್ಲಿ, ಪಾಸ್‌ಪೋರ್ಟ್ ಎಲ್ಲಿ, ದಾರಿ ಹಾಗಲ್ಲ ಹೀಗೆ, ಅಂತ ಇವಳದ್ದು ಒಂದೇ ಸಮನೆ. ತೊಂದರೆ ಎಂತ ಅಂದರೆ, ಪ್ರತಿ ಸಲವೂ ಅವಳು ಹೇಳಿದ್ದೇ ಸರಿ ಆಗ್ತದೆ. ನಾನು ಸ್ಮೆಲ್ಟರಿನಲ್ಲಿ ಹತ್ತೊಂಬತ್ತು ಜನರ ಸೂಪರ್‌ವೈಸರ್ ಭಾವ. ಕರಗಿದ ಅಲ್ಯೂಮಿನಿಯಂ ಎದುರು ನಿಂತು ನಾನು ಹೇಳಿದ ಹಾಗೆ ಅವರು ಕೇಳ್ತಾರೆ. ಇವಳ ಎದುರು ಒಂದು ಬಸ್ ನಂಬರ್ ಸರಿ ಹೇಳಲಿಕ್ಕೆ ನನ್ನಿಂದ ಆಗಲಿಲ್ಲ.

ಆ ದಿನವೂ ಹಾಗೇ. ಟ್ರೈನಿನಲ್ಲಿ ಎಂತದೋ ಕಿಟಕಿಯ ಸೀಟಿನ ಮಾತು ಬಂದು ಮುಖ ತಿರುಗಿಸಿ ಕೂತಿದ್ದೆವು. ಎರಡು ಗಂಟೆ ಹಾಗೇ ಹೋಯ್ತು. ಆಮೇಲೆ ಒಂದು ಸ್ಟೇಷನ್ ಬಂತು. ಬೋರ್ಡಿನಲ್ಲಿ ದೊಡ್ಡದಾಗಿ ವೆನೇಸಿಯಾ ಅಂತ ಉಂಟು, ವೆನಿಸ್‌ಗೆ ಅವರು ಹಾಗೇ ಹೇಳುವುದು, ಅದರ ಪಕ್ಕದಲ್ಲಿ ಮೆಸ್ತ್ರೆ. ಆ ಊರಿಗೆ ಎರಡು ಸ್ಟೇಷನ್. ಈ ಮೆಸ್ತ್ರೆ ನೆಲದ ಮೇಲೆ, ಸೇತುವೆಯ ಈಚೆ. ನೀರಿನ ಊರು ಸೇತುವೆಯ ಆಚೆ. ಇವಳು ಅವಸರದಲ್ಲಿ ಇಲ್ಲೇ ಇಳಿದುಬಿಟ್ಟಳು. ನಾನು ಮೇಲಿನಿಂದ ಬ್ಯಾಗ್ ತೆಗೆದು ಬಾಗಿಲಿಗೆ ಬರುವಾಗ ಬಾಗಿಲು ಮುಚ್ಚಿತು. ಇಷ್ಟೇ ಆದದ್ದು. ನನ್ನ ತಪ್ಪು ಎಲ್ಲಿ ಉಂಟು?

ಟಿಕೆಟ್ ನನ್ನ ಫೋನಿನಲ್ಲಿ, ಅವಳ ಪಾಸ್‌ಪೋರ್ಟ್ ನನ್ನ ಹತ್ತಿರ. ಅವಳ ಫೋನಿಗೆ ಅಲ್ಲಿಯ ಸಿಮ್ ಇರಲಿಲ್ಲ. ಬೇರೆ ಯಾರಾದರೂ ಹೆದರಿ ಓಡಾಡುತ್ತಿದ್ದರು. ಇವಳು ಅಲ್ಲೇ ಬೆಂಚಿನ ಮೇಲೆ ಕೂತಳು. ಯಾಕೆ ಅಂದರೆ ತಪ್ಪಿಹೋದವರು ತಪ್ಪಿದ ಜಾಗದಲ್ಲೇ ಇರಬೇಕು ಅಂತ ಮಕ್ಕಳಿಗೆ ಹೇಳಿಕೊಡುವವಳು ಅವಳು. ಹೆದರುವಂಥದ್ದು ಎಂತ ಉಂಟು? ಅಲ್ಲಿ ಹತ್ತು ನಿಮಿಷಕ್ಕೊಂದು ಟ್ರೈನ್, ಹೋಗಲಿಕ್ಕೂ ಬರಲಿಕ್ಕೂ. ನಾನು ವಾಪಸ್ ಬಂದೆನಲ್ಲ. ಎಷ್ಟು ಹೊತ್ತಿಗೆ ಅಂದರೆ… ಸ್ವಲ್ಪ ತಡವಾಯ್ತು. ಎರಡೂ ಮುಕ್ಕಾಲು ಗಂಟೆ ಕಳೆದು.

ಕೈ ಯಾಕೆ ನಿಲ್ಲಿಸಿದಿರಿ?

ರಶ್ ಇತ್ತು ಭಾವ. ಗೊತ್ತಿಲ್ಲದ ಊರು, ಭಾಷೆ ಬರುವುದಿಲ್ಲ, ಯಾವ ಪ್ಲಾಟ್‌ಫಾರ್ಮ್ ಅಂತ ಹುಡುಕಬೇಕಲ್ಲ… ಹೌದು, ಹತ್ತು ನಿಮಿಷಕ್ಕೊಂದು ಅಂತ ನಾನೇ ಹೇಳಿದೆ. ಹೇಳಿದೆ, ಅದಕ್ಕೇನೀಗ? ಹಾಗೆ ನೋಡಬೇಡಿ. ಒಂದು ಮಾತು ಬೈದುಬಿಡಿ, ಅದಾದರೂ ಆಗಬಹುದು.

ಅಸಲಾಂ ಅಲೈಕುಂ ಹಕೀಂ ಭಾಯ್… ಇವರ ಪಂಪ್ ರೆಡಿ ಆಯ್ತಾ ಅಂತ ಕೇಳ್ತಿದ್ದಾರೆ ಭಾವ. ನಾಳೆಯಾ? ಕಲ್ ಆವೋ ಭಾಯ್, ಕಲ್. ಖಲಾಸ್, ಹೋದರು.

ಸರಿ. ಎರಡು ಸ್ಟೇಷನ್ ಉಂಟು ಅಂತ ಗೊತ್ತಿದ್ದದ್ದು ಅವಳಿಗೇ. ನಿಮಗೂ ಹೇಳಿದ್ದಿರಬಹುದು, ಫೋನಿನಲ್ಲಿ ಅದೇ ಪುರಾಣ ಅಲ್ವಾ. ಅವಳು ಅವಸರ ಮಾಡಲಿಲ್ಲ. ಬೋರ್ಡ್ ನೋಡಿ ಇಳಿ ಅಂದದ್ದು ನಾನು. ಇದಲ್ಲ, ಇನ್ನೊಂದು ಉಂಟು ಅಂದಳು. ಅಷ್ಟು ದೊಡ್ಡದಾಗಿ ವೆನೇಸಿಯಾ ಅಂತ ಬರೆದದ್ದು ಕಾಣುವುದಿಲ್ವಾ, ನಿನಗೆ ಮಾತ್ರ ಓದಲಿಕ್ಕೆ ಬರುವುದಾ ಅಂತ ಜೋರು ಮಾಡಿದೆ. ಸುತ್ತ ಇದ್ದವರು ತಿರುಗಿ ನೋಡಿದರು. ನಾಚಿಕೆಗೆ ಅವಳು ಮತ್ತೆ ಮಾತಾಡದೆ ಇಳಿದಳು. ನಾನು ಅವಳ ಹಿಂದೆಯೇ ಇದ್ದೆ. ಆಗ ನಾಯಿ ಹಿಡಿದುಕೊಂಡಿದ್ದ ಒಬ್ಬ ಮುದುಕಿ ನನ್ನ ತೋಳು ಹಿಡಿದು, ಇಲ್ಲಲ್ಲ, ಮುಂದಿನದು ಅಂತ ಕೈಯಲ್ಲೇ ತೋರಿಸಿದಳು.

ಬಾಗಿಲು ತೆರೆದೇ ಇತ್ತು.

ಇತ್ತು ಭಾವ. ಇವಳು ಆರೇಳು ಹೆಜ್ಜೆ ಮುಂದೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬಾ, ಹತ್ತು ಅಂದಿದ್ದರೆ ಸಾಕಿತ್ತು. ನಾನಾದರೂ ಇಳಿಯಬಹುದಿತ್ತು. ಆದರೆ ಕರೆದರೆ ಅವಳು ಹತ್ತಿ ಬರ್ತಾಳೆ, ನಾನು ಹೇಳಿದ್ದೆನಲ್ಲ ಅನ್ನುವ ಒಂದು ಮುಖ ಮಾಡ್ತಾಳೆ. ಬಾಯಲ್ಲಿ ಹೇಳುವುದಿಲ್ಲ, ಮುಖ ಮಾತ್ರ. ಆ ಮುಖ ನೋಡಲಿಕ್ಕೆ ಆಗ ನನ್ನಿಂದ ಆಗುತ್ತಿರಲಿಲ್ಲ. ಅಷ್ಟರಲ್ಲಿ ಅವಳು ತಿರುಗಿದಳು. ನಾನು ನಿಂತದ್ದು ನೋಡಿದಳು. ಬಾಗಿಲು ಮುಚ್ಚಿತು. ನಾನು ಒಳಗೆ ಹೋಗಿ ಕಿಟಕಿಯ ಸೀಟಿನಲ್ಲಿ ಕೂತೆ.

ಇದು ಸಾಕಲ್ವಾ ನಿಮಗೆ? ಇನ್ನೂ ಎಂತ ನೋಡ್ತಿದ್ದೀರಿ?

ಆ ಸೇತುವೆ… ಎರಡೂ ಕಡೆ ನೀರು. ಹಳಿ ಕಾಣುವುದಿಲ್ಲ, ಟ್ರೈನ್ ಕಡಲ ಮೇಲೆಯೇ ತೇಲಿಕೊಂಡು ಹೋದ ಹಾಗೆ. ಇಳಿದು, ಫೋನು ನೋಡಿ, ಬರುವ ಟ್ರೈನ್ ಯಾವುದು ಅಂತ ವಿಚಾರಿಸಿದೆ. ಎಂಟು ನಿಮಿಷದಲ್ಲಿ ಇತ್ತು. ಎಂಟು ನಿಮಿಷ ಉಂಟಲ್ಲ, ಹೊರಗೆ ಒಂದು ಸಲ ನೋಡಿ ಬರುವಾ ಅಂತ ಬಾಗಿಲು ದಾಟಿದೆ. ಅವಳು ಹೇಳಿದ ಹಾಗೇ ಉಂಟು ಭಾವ. ಒಂದು ಸಾಲು ಮೆಟ್ಟಿಲು, ಅದರ ಕೆಳಗೆ ನೀರು. ಆಚೆ ಹಸಿರು ಗುಮ್ಮಟದ ಚರ್ಚು. ಕಾರು ಇಲ್ಲ, ಹಾರ್ನ್ ಇಲ್ಲ. ದೋಣಿಯಲ್ಲಿ ಕೆಲಸಕ್ಕೆ ಹೋಗುವವರು ಪೇಪರ್ ಓದುತ್ತಾ ನಿಂತಿದ್ದಾರೆ, ನಾವು ಕಂಪನಿ ಬಸ್ಸಿನಲ್ಲಿ ಹೋದ ಹಾಗೆ. ನಾನು ಮೆಟ್ಟಿಲ ಮೇಲೆ ಕೂತೆ. ಟ್ರೈನ್ ಹೋಯ್ತು. ಮುಂದಿನದೂ ಹೋಯ್ತು. ಬ್ಯಾಗಿನಲ್ಲಿ ಅವಳು ಬೆಳಿಗ್ಗೆ ಚಟ್ನಿ ಹಚ್ಚಿ ಕಟ್ಟಿದ ಬ್ರೆಡ್ ಇತ್ತು, ಇಬ್ಬರಿಗೆ. ಹಸಿವಾಯ್ತು, ತಿಂದೆ. ನನ್ನದು ಮಾತ್ರ ಅಲ್ಲ.

ಆಮೇಲೆ ಒಂದು ಸೇತುವೆ ಹತ್ತಿ ಇಳಿದೆ. ಇನ್ನೊಂದು. ದಾರಿ ತಪ್ಪಿದೆ, ಯಾರೂ ಎಂತದೂ ಹೇಳಲಿಲ್ಲ. ಅದೇ ಖುಷಿ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ಎಲ್ಲಿದ್ದೇನೆ ಅಂತ ಯಾರಿಗೂ ಗೊತ್ತಿಲ್ಲ.

ವಾಪಸ್ ಹೋದಾಗ ಅವಳು ಅದೇ ಬೆಂಚಿನಲ್ಲಿ ಇದ್ದಳು. ಮಧ್ಯದಲ್ಲಿ ಬಾತ್‌ರೂಮಿಗೂ ಹೋಗಿರಲಿಲ್ಲ, ಆ ಹೊತ್ತಿಗೆ ನಾನು ಬಂದು ಕಾಣದೆ ಹೋದರೆ ಅಂತ. ಅಳಲಿಲ್ಲ, ಜಗಳ ಮಾಡಲಿಲ್ಲ. ಪೊಲೀಸರು ಹಿಡಿದುಕೊಂಡರು, ಟಿಕೆಟ್ ವಿಷಯ, ಬಿಡಲಿಲ್ಲ ಅಂತ ಹೇಳಿದೆ. ಅಯ್ಯೋ ಅಂತ ನನ್ನ ಬೆನ್ನು ಸವರಿದಳು. ಸುಸ್ತಾಗಿದೆ, ಈಗ ಹೋದರೆ ಸಂಜೆಯ ಟ್ರೈನ್ ತಪ್ಪೀತು, ನನ್ನಿಂದ ಇನ್ನು ಆಗುವುದಿಲ್ಲ ಅಂದಳು. ನಾನು ಒತ್ತಾಯ ಮಾಡಲಿಲ್ಲ. ಮಿಲಾನ್ ಟ್ರೈನ್ ಹತ್ತಿದ ಮೇಲೆ ಮೆಲ್ಲ ಕೇಳಿದಳು, "ಊರು ಚಂದ ಉಂಟಾ?"

"ಎಂತದೂ ಇಲ್ಲ, ವಾಸನೆ ನೀರು, ಜನ," ಅಂದೆ.

"ಹಾಗಾದರೆ ನಾನು ನೋಡದಿದ್ದದ್ದೇ ಒಳ್ಳೆದಾಯ್ತು," ಅಂತ ಹೇಳಿ ನನ್ನ ಭುಜಕ್ಕೆ ಒರಗಿ ಮಲಗಿದಳು.

ಮೂರು ವಾರ ಚೆನ್ನಾಗಿಯೇ ಇದ್ದಳು ಭಾವ. ಟ್ಯೂಷನ್ ಮಕ್ಕಳಿಗೆ ನನ್ನ ಪೊಲೀಸ್ ಕಥೆ ಹೇಳಿ ನಗಾಡಿಸುತ್ತಿದ್ದಳು. ಈ ಸೋಮವಾರ ಅವಳ ಫೋನ್ ಚಾರ್ಜ್ ಇರಲಿಲ್ಲ, ಯಾರದೋ ಮಗುವಿನ ಹೋಂವರ್ಕ್ ಫೋಟೋ ತೆಗೆಯಲಿಕ್ಕೆ ನನ್ನದು ಕೇಳಿದಳು. ಕೊಟ್ಟೆ. ಕೊಟ್ಟಾಗ ನೆನಪಿರಲಿಲ್ಲ.

ಅರವತ್ತೆರಡು ಫೋಟೋ. ಮೆಟ್ಟಿಲು, ಚರ್ಚು, ದೋಣಿ, ಪ್ರತಿಯೊಂದರಲ್ಲೂ ಗಂಟೆ ನಿಮಿಷ ಉಂಟು. ಒಂದನ್ನು ದಾರಿಯಲ್ಲಿ ಹೋಗುವ ಯಾರೋ ಒಬ್ಬನ ಕೈಯಲ್ಲಿ ಕೊಟ್ಟು ತೆಗೆಸಿದ್ದೆ. ಸೇತುವೆಯ ಕಟ್ಟೆಗೆ ಒರಗಿ ನಾನು ನಿಂತಿದ್ದೇನೆ. ಅದನ್ನೇ ನೋಡುತ್ತಾ ಕೂತಿದ್ದಳು. ನಾನು ಬೈಗುಳಕ್ಕೆ ಕಾದೆ. ಪೊಲೀಸಿನ ಬಗ್ಗೆ ಕೇಳಲಿಲ್ಲ, ಬೆಂಚಿನ ಬಗ್ಗೆಯೂ ಕೇಳಲಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿ, "ನೀವು ಹೀಗೆ ನಗುವುದು ನಾನು ನೋಡಿಯೇ ಇಲ್ಲ," ಅಂದಳು. ಅಷ್ಟೇ. ಒಳಗೆ ಹೋಗಿ ಬಟ್ಟೆ ಮಡಚಲಿಕ್ಕೆ ಶುರು ಮಾಡಿದಳು.

ಅದಕ್ಕೆ ನಾನು ಎಂತ ಹೇಳಬೇಕಿತ್ತು ಭಾವ?

…ನೀವಾದರೂ ಹೇಳಿ.